ಕಳಿಯದ ರಾಶಿ

ಕಿಣ್ ಎಂದಿತು. ಒಂದೇ ಸಲ. ಸರಪಳಿಯ ಕೊಂಡಿ ತಗಡಿಗೆ ತಾಕಿದ ಸಣ್ಣ ಸದ್ದು.

ಕೇರಿಯಲ್ಲಿ ಯಾರಿಗೂ ಎಚ್ಚರವಾಗಲಿಲ್ಲ. ನಾಯಿಗಳು ಒಮ್ಮೆ ಗುರುಗುಟ್ಟಿ ಸುಮ್ಮನಾದವು. ಸವೇತಾಗೆ ಮಾತ್ರ ಎಚ್ಚರವಾಯಿತು. ಅವಳು ಎಂದೂ ಪೂರ್ತಿ ನಿದ್ದೆ ಮಾಡುವವಳಲ್ಲ. ಮೇಲಾಗಿ ಈ ಸದ್ದನ್ನು ಅವಳು ದಿನವೆಲ್ಲ ಕೇಳುತ್ತಿದ್ದಳು. ಅದು ಟಿಪ್ಪರಿನ ಹಿಂಬಾಗಿಲು ಬಿಚ್ಚುವ ಸದ್ದು. ಅವಳು ಕೆಲಸ ಮಾಡುವ ಕಾರ್ಖಾನೆಯ ಟಿಪ್ಪರ್. ಅದರ ಬೆನ್ನಿಗೆ ಇನ್ನೊಂದು ಸದ್ದು ಬರಬೇಕಿತ್ತು. ಅವಳು ಕಂಬಳಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಾದಳು. ಬಂತು. ಮೆತ್ತಗಿನ, ಭಾರದ, ಹಸಿ ಸದ್ದು. ಹೊಟ್ಟೆ ಕೆಟ್ಟ ಯಾವುದೋ ದೊಡ್ಡ ಪ್ರಾಣಿ ಕೇರಿಯ ಅಂಚಿಗೆ ಬಂದು ಕೂತ ಹಾಗೆ.

ಆಮೇಲೆ ವಾಸನೆ ಬಂತು. ಮೊದಲು ಮೂಗಿಗಲ್ಲ, ಕಣ್ಣಿಗೆ. ಅಮೋನಿಯಾ. ಅದರ ಹಿಂದೆ ಹುಳಿ. ಹುಳಿಯ ಹಿಂದೆ ಕೊಳೆತ ಮೊಟ್ಟೆ. ಸವೇತಾಗೆ ರಾಶಿಯ ನಂಬರನ್ನೂ ಹೇಳಲು ಬರುತ್ತಿತ್ತು. ಏಳನೇ ರಾಶಿ. ಮರದ ಚಕ್ಕೆ ಸಾಲದೆ, ಗಾಳಿಯಾಡದೆ, ಒಳಗೊಳಗೇ ಕೊಳೆಯುತ್ತಿದ್ದ ರಾಶಿ.

ಪಕ್ಕದಲ್ಲಿ ಅವ್ವ ರಫೀರಾ ನಿದ್ದೆಯಲ್ಲೇ ಮುಖ ಕಿವಿಚಿ ಮಗ್ಗುಲು ಬದಲಿಸಿದಳು. ಸವೇತಾ ಎದ್ದು ಕಿಟಕಿಯ ಸಂದಿಗೆ ಚಿಂದಿ ತುರುಕಿದಳು. ಅಷ್ಟು ಮಾಡಿ ಬೆಳಗಾಗುವವರೆಗೆ ಕೂತಿದ್ದಳು.

ಬೆಳಿಗ್ಗೆ ಇಡೀ ಕೇರಿ ರಾಶಿಯ ಮುಂದೆ ನಿಂತಿತ್ತು. ಕಪ್ಪು ಗುಡ್ಡ. ತಣ್ಣನೆಯ ಗಾಳಿಯಲ್ಲಿ ಅದರಿಂದ ಹಬೆ ಏಳುತ್ತಿತ್ತು. ಬಾವಿಗೂ ಅದಕ್ಕೂ ನಡುವೆ ಒಂದು ಈರುಳ್ಳಿ ಪಾತಿ ಮಾತ್ರ ಇತ್ತು.

ರೊಮೇನಿಯಾದ ಈ ಊರಿನವರು ಇವರನ್ನು ಓಲ್ಟ್ ನದಿಯ ದಂಡೆಯಿಂದ ಎಬ್ಬಿಸಿ ಈ ಕಿಟ್ಟದ ನೆಲಕ್ಕೆ ತಂದು ಹಾಕಿದ್ದರು. ಹಳೇ ಲೋಹದ ಕಾರ್ಖಾನೆ ಸುಟ್ಟು ಸುರಿದ ಕಿಟ್ಟ. ಅದರಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ. ಮಣ್ಣು ಕೊಡಿ, ಒಂದು ಹಿಡಿ ಮಣ್ಣು ಕೊಡಿ ಎಂದು ಪುರಸಭೆಯ ಮೆಟ್ಟಿಲು ಸವೆಸಿದ್ದರು. ಹೆಂಗಸರು ನದಿಯಿಂದ ಮೆಕ್ಕಲು ಹೊತ್ತು ತಂದು ಪಾತಿಗಳನ್ನು ಮಾಡಿಕೊಂಡಿದ್ದರು. ಈಗ ಗಾಡಿಗಟ್ಟಲೆ ಮಣ್ಣು ತಾನಾಗಿ ಬಂದು ಬಿದ್ದಿತ್ತು.

"ನಾಳೆ ಉಪಮೇಯರಮ್ಮ ಬರ್ತಾಳಂತೆ. ಫೋಟೋ ತೆಗೀತಾರಂತೆ," ಎಂದು ವಸಾಲಿ ಕಾಕಾ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಅವನು ಕೇರಿಯ ಹಿರಿಯ. ಬೆಳ್ಳಿ ಗುಂಡಿನ ಕೋಲು ಅವನದು. ಮದುವೆ, ಜಗಳ, ಮೈಲಿಗೆ, ಎಲ್ಲದರ ನ್ಯಾಯವೂ ಅವನ ಬಾಯಲ್ಲೇ ಆಗಬೇಕು. "ಗಾಜೋಗಳಿಗೂ ಬುದ್ಧಿ ಬಂತು ನೋಡಿ. ರೊಟ್ಟಿ, ಉಪ್ಪು ಇಟ್ಟು ಬರಮಾಡ್ಕೋಬೇಕು."

ಗಾಜೋ ಎಂದರೆ ಇವರಲ್ಲದವರು. ಊರಿನವರು ಜಿಪ್ಸಿಗಳೆನ್ನುವ ರೋಮಾ ಜನರನ್ನು ಬಿಟ್ಟು ಉಳಿದೆಲ್ಲರೂ.

ವಾಸನೆ ಯಾಕೆ ಹೀಗೆ ಎಂದು ಯಾರೋ ಕೇಳಿದರು. ಕೋಳಿಗೊಬ್ಬರ ಇರಬೇಕು ಎಂದು ಇನ್ನಾರೋ ಅಂದರು. ರಫೀರಾ ಎದೆಯುಬ್ಬಿಸಿ ಮಗಳ ಕಡೆ ತಿರುಗಿದಳು.

"ನಿಮ್ಮ ಕಾರ್ಖಾನೇದೇ ಅಲ್ವೇನೆ ಇದು? ನೀನು ಮಾಡೋ ಮಣ್ಣು?"

ಸವೇತಾ ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

ಅವಳು ಮನೆಯಲ್ಲಿ ಹೇಳಿದ್ದು ಅಷ್ಟೇ. ಮಣ್ಣಿನ ಲ್ಯಾಬಿನಲ್ಲಿ ಕೆಲಸ. ಮಣ್ಣು ತಯಾರಿಸುತ್ತೇವೆ. ಅದು ಸುಳ್ಳಲ್ಲ. ಏತರಿಂದ ತಯಾರಿಸುತ್ತೇವೆ ಎಂದು ಹೇಳಿರಲಿಲ್ಲ, ಅಷ್ಟೇ. ಊರಿನ ಪಾಯಖಾನೆಗಳ ನೀರೆಲ್ಲ ಕೊಳವೆಯಲ್ಲಿ ಹರಿದು ಬಂದು, ನೀರು ನದಿಗೆ ಹೋಗಿ, ತಳದಲ್ಲಿ ಉಳಿಯುವ ರೊಚ್ಚಿನಿಂದ.

ಅವ್ವ ಸೊಂಟದ ಮೇಲಿನ ಬಟ್ಟೆ ಒಗೆಯಲು ಒಂದು ಬೋಗುಣಿ, ಕೆಳಗಿನ ಬಟ್ಟೆಗೆ ಇನ್ನೊಂದು ಇಟ್ಟವಳು. ಲಂಗದ ಅಂಚು ತಾಗಿದ ತಟ್ಟೆಯನ್ನು ಎಸೆದವಳು. ಮೈಯ ಕೆಳಭಾಗದಿಂದ ಬಂದದ್ದು ಮೇಲುಭಾಗಕ್ಕೆ, ಬಾಯಿಗೆ, ಒಲೆಗೆ ತಾಗಬಾರದು. ತಾಗಿಸಿದವರು ಮೈಲಿಗೆ. ಅವರ ಕೈಯ ನೀರು ಯಾರೂ ಕುಡಿಯುವುದಿಲ್ಲ. ಕೇರಿಯ ಅರ್ಧ ಮಾತು ಅದೇ.

ಆ ಮಾತಿನ ಬೆಲೆ ಏನೆಂದು ನೋಡಬೇಕಾದರೆ ಟಿಂಕಾಳನ್ನು ನೋಡಿದರೆ ಸಾಕಿತ್ತು. ರಾಶಿಯ ಸುತ್ತ ಎಲ್ಲರೂ ಸೇರಿದ್ದಾಗ ಅವಳು ದೂರದಲ್ಲಿ, ತನ್ನ ಗುಡಿಸಲಿನ ಬಾಗಿಲಲ್ಲಿ, ತೋಳು ಕಟ್ಟಿಕೊಂಡು ನಿಂತಿದ್ದಳು. ಹತ್ತಿರ ಬರುವಂತಿರಲಿಲ್ಲ. ಗಂಡ ಸತ್ತ ಮೇಲೆ ಅವಳು ಅದೇ ಕಾರ್ಖಾನೆಯಲ್ಲಿ ಜರಡಿಗೆ ನಿಂತಳು. ಊರಿನ ಹೇಲು ಸೋಸುವ ಕೆಲಸ ಎಂದು ಬಾಯಿಬಿಟ್ಟೇ ಹೇಳಿದಳು; ಅದೂ ಮಣ್ಣಿನ ಲ್ಯಾಬೂ ಒಂದೇ ಕಡೆ ಎಂಬುದು ಮಾತ್ರ ಕೇರಿಗೆ ಗೊತ್ತಿರಲಿಲ್ಲ. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. ವಸಾಲಿ ಕಾಕಾ ನ್ಯಾಯ ಸೇರಿಸಿದ. ಅಂದಿನಿಂದ ಅವಳು ಹೊರಗೆ. ಮಗಳು ಮೊಮ್ಮಕ್ಕಳನ್ನು ಕರೆದುಕೊಂಡು ಬೇರೆ ಊರಿಗೆ ಹೋದಳು. ಅವಳು ಸುಟ್ಟ ರೊಟ್ಟಿಯನ್ನು ನಾಯಿಗೆ ಹಾಕಿದರೂ ಜನ ಆ ನಾಯಿಯನ್ನು ಅಟ್ಟುತ್ತಿದ್ದರು.

ಸವೇತಾ ಕಾರ್ಖಾನೆಗೆ ಸೇರಿದ ದಿನ ಟಿಂಕಾ ಅವಳನ್ನು ಜರಡಿಯ ಆಚೆಯಿಂದ ನೋಡಿದ್ದಳು. ಕೈಯ ಕೆಲಸ ನಿಲ್ಲಿಸಿರಲಿಲ್ಲ. "ನೀನು ನನ್ನ ನೋಡಿಲ್ಲ ಅನ್ಕೋ ಮಗಾ. ನಾನೂ ನಿನ್ನ ನೋಡಿಲ್ಲ," ಎಂದಿದ್ದಳು. ಆ ಮಾತನ್ನು ಟಿಂಕಾ ಉಳಿಸಿಕೊಂಡಳು.

*

ಜರಡಿಯ ಕೆಲಸ ಹೀಗೆ. ಬೆಲ್ಟಿನ ಮೇಲೆ ರೊಚ್ಚು ಬರುತ್ತದೆ. ಅದರಲ್ಲಿ ಕರಗದೆ ಉಳಿದದ್ದನ್ನು ಕೈಯಲ್ಲಿ ಹೆಕ್ಕಬೇಕು. ಕಿವಿಕಡ್ಡಿ. ಕಾಂಡೋಮ್. ಹೆಂಗಸರ ಪ್ಯಾಡು. ಮಕ್ಕಳ ಅಂಡು ಒರೆಸಿದ ಒದ್ದೆ ಟಿಶ್ಯೂ, ಹಗ್ಗದ ಹಾಗೆ ಹೊಸೆದುಕೊಂಡು. ಕೂದಲು. ಒಮ್ಮೊಮ್ಮೆ ಹಲ್ಲಿನ ಸೆಟ್ಟು. ಮಧ್ಯಾಹ್ನದ ಹೊತ್ತಿಗೆ ಕೈಗವಸು ಹರಿಯುತ್ತದೆ. ಎರಡನೇ ಜೊತೆ ಕೊಡುವುದಿಲ್ಲ. ಜರಡಿಗೆ ನಿಂತವರೆಲ್ಲ ರೋಮಾ ಜನರೇ. ಬೇರೆ ಬೇರೆ ಕೇರಿಗಳವರು. ಅವರಲ್ಲಿ ಹೆಚ್ಚಿನವರು ತಮ್ಮ ಮನೆಗಳಲ್ಲಿ ಏನೋ ಒಂದು ಸುಳ್ಳು ಹೇಳಿರುತ್ತಾರೆ.

ಸವೇತಾ ಕ್ರಾಯೋವಾ ನಗರದಲ್ಲಿ ರಸಾಯನಶಾಸ್ತ್ರ ಓದಿದವಳು. ಅವಳನ್ನು ತೆಗೆದುಕೊಂಡಾಗ, ರೋಮಾ ಹುಡುಗಿಗೆ ಲ್ಯಾಬ್ ಕೆಲಸ ಎಂದು ಪತ್ರಿಕೆಯಲ್ಲಿ ಫೋಟೋ ಬಂದಿತ್ತು. ಕೆಲಸಕ್ಕೆ ಸೇರಿದ ಮೇಲೆ ಅವಳ ಮೇಜನ್ನು ಲ್ಯಾಬಿನ ಬಾಗಿಲ ಪಕ್ಕ, ಬೂಟುಗಳನ್ನು ಬಿಡುವ ಜಾಗದಲ್ಲಿ ಹಾಕಿದರು. ಉಳಿದವರ ಪಿಂಗಾಣಿ ಲೋಟಗಳು ಕಪಾಟಿನಲ್ಲಿದ್ದವು. ಅವಳಿಗೆ ಕಾಫಿ ಕಾಗದದ ಲೋಟದಲ್ಲಿ. ಯಾರೂ ಏನೂ ಹೇಳಿರಲಿಲ್ಲ. ಕಾಗದದ ಲೋಟಗಳ ಕಟ್ಟನ್ನು ಅವಳ ಮೇಜಿನ ಮೇಲೆ ತಂದಿಟ್ಟಿದ್ದರು, ಅಷ್ಟೇ. ರಾಶಿಗಳ ಹೊಟ್ಟೆಯೊಳಗಿಂದ ಮಾದರಿ ತೆಗೆಯುವ ಕೆಲಸ ಬಂದಾಗಲೆಲ್ಲ ಅವಳ ಹೆಸರೇ ಕೇಳಿಸುತ್ತಿತ್ತು. ನಿಮಗೆ ಮೂಗು ಅಷ್ಟು ತೊಂದರೆ ಕೊಡಲ್ಲ ಅಲ್ವಾ ಎಂದು ಇಂಜಿನಿಯರ್ ದುಮಿತ್ರಾಶ್ಕು ಮೊದಲ ವಾರದಲ್ಲೇ ಕೇಳಿದ್ದ. ನಗುತ್ತಾ ಕೇಳಿದ್ದ. ಕೆಟ್ಟದ್ದನ್ನೆಲ್ಲ ಅವನು ನಗುತ್ತಲೇ ಕೇಳುತ್ತಿದ್ದ.

ಅವಳು ದಿನವೂ ಅಲ್ಲೇ ಸ್ನಾನ ಮಾಡುತ್ತಿದ್ದಳು. ತಲೆಗೆ ವಿನೆಗರ್ ಹಾಕಿ ತಿಕ್ಕುತ್ತಿದ್ದಳು. ಒಳಗಿನ ಬಟ್ಟೆಯಿಂದ ಹಿಡಿದು ಎಲ್ಲ ಬದಲಿಸುತ್ತಿದ್ದಳು. ಆದರೂ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು. ವಾಸನೆಗೋ, ಅವಳ ಮೈಬಣ್ಣಕ್ಕೋ, ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಒಂದೇ ಒಂದು ವಿಷಯ ಅವಳನ್ನು ಅಲ್ಲಿ ಹಿಡಿದಿಟ್ಟಿತ್ತು. ಎರಡನೇ ರಾಶಿ. ಅದು ಕಳಿತ ರಾಶಿ. ಅದು ಕಳಿಯುವುದನ್ನು ಅವಳು ಮೊದಲಿನಿಂದ ನೋಡಿದ್ದಳು. ಮೊದಲು ಸಕ್ಕರೆ, ಕೊಬ್ಬು ಉರಿಯುತ್ತವೆ. ಕಣ್ಣಿಗೆ ಕಾಣದ ಜೀವಿಗಳು ತಿಂದು ತಿಂದು ರಾಶಿಯನ್ನು ಒಳಗಿನಿಂದ ಕಾಯಿಸುತ್ತವೆ. ಕೈ ಇಟ್ಟರೆ ಸುಡುತ್ತದೆ. ಆ ಕಾವಿನಲ್ಲಿ ರೋಗದ ಬೀಜ, ಜಂತುವಿನ ಮೊಟ್ಟೆ ಸಾಯುತ್ತವೆ. ಪ್ರೋಟೀನು ಹರಿದು ಅಮೋನಿಯಾ ಆಗುತ್ತದೆ. ಆ ದಿನಗಳಲ್ಲಿ ಹತ್ತಿರ ನಿಲ್ಲುವಂತಿಲ್ಲ. ಮಗುಚಬೇಕು, ಮತ್ತೆ ಮಗುಚಬೇಕು, ಮರದ ಚಕ್ಕೆ ಸೇರಿಸಿ ಗಾಳಿ ಕೊಡಬೇಕು. ಗಾಳಿ ಸಿಗದಿದ್ದರೆ ಹುಳಿಯುತ್ತದೆ, ನಾರುತ್ತದೆ. ಸಿಕ್ಕರೆ ನಿಧಾನವಾಗಿ ತಣಿಯುತ್ತದೆ. ಬಿಳಿ ಎಳೆಗಳು ಹಬ್ಬುತ್ತವೆ. ಒಡೆದುಹೋದದ್ದೆಲ್ಲ ಬೇರೆ ಥರ ಹೆಣೆದುಕೊಂಡು ಕಪ್ಪಾಗುತ್ತದೆ. ಕೊನೆಗೆ ಒಂದು ದಿನ ಮೂಗಿಗೆ ಕಾಡಿನ ನೆಲದ ವಾಸನೆ ಬರುತ್ತದೆ. ಆ ಮಣ್ಣಿನಲ್ಲಿ ಆಳ್ವಿ ಬೀಜ ಹಾಕಿದರೆ ಬೆಳಗಾಗುವುದರೊಳಗೆ ಬಾಲ ಬಿಡುತ್ತದೆ.

ಎಲ್ಲವೂ ಬದಲಾಗುತ್ತದೆ ಎಂದಲ್ಲ. ಸತು, ಕ್ಯಾಡ್ಮಿಯಮ್ ಥರದ ಲೋಹಗಳು ಹಾಗೇ ಉಳಿಯುತ್ತವೆ. ಉಳಿದದ್ದು ಉರಿದು ಹಾರಿಹೋದಷ್ಟೂ ಅವು ದಟ್ಟವಾಗುತ್ತವೆ. ಅದನ್ನು ಅಳೆದು ನೋಡಿಯೇ ಹೊರಗೆ ಬಿಡಬೇಕು. ಆದರೂ ಎರಡನೇ ರಾಶಿ ಒಳ್ಳೆಯ ರಾಶಿ. ಅಲ್ಲಿ ಹೊಲಸು ಎಂಬುದು ಉಳಿದಿರಲಿಲ್ಲ. ಅದನ್ನು ಅಂಗೈಯಲ್ಲಿ ಹಿಡಿದಾಗಲೆಲ್ಲ ಅವ್ವನಿಗೆ ಒಂದು ದಿನ ತಂದು ತೋರಿಸಬೇಕು, ಹೀಗೆ ಹೀಗೆ ಎಂದು ಬಿಡಿಸಿ ಹೇಳಬೇಕು ಎಂದುಕೊಳ್ಳುತ್ತಿದ್ದಳು. ಆ ರಾಶಿಯನ್ನು ಕೇರಿಗೆ ಕೊಟ್ಟಿದ್ದರೆ ಅದರ ಪರವಾಗಿ ಕೇರಿಯ ಜೊತೆ ಜಗಳವಾಡಲೂ ಅವಳು ತಯಾರಿದ್ದಳು.

ಕೊಟ್ಟದ್ದು ಅದನ್ನಲ್ಲ.

ಅಂದು ಕೆಲಸಕ್ಕೆ ಹೋದವಳೇ ಇಂಜಿನಿಯರನ ಕೋಣೆಗೆ ಹೋದಳು. ಏಳನೆಯದು ಹಸಿ ರಾಶಿ, ಸರಿಯಾಗಿ ಕಾವೇ ಏರಿಲ್ಲ, ಅದರಲ್ಲಿ ಹಾಕಿದ ಬೀಜಗಳೆಲ್ಲ ಕೊಳೆತಿವೆ, ಅದು ಬಾವಿಯ ಪಕ್ಕ ಬಿದ್ದಿದೆ ಎಂದು ಹೇಳಿದಳು. ಪದಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ದುಮಿತ್ರಾಶ್ಕು ಬೇಸರವಿಲ್ಲದೆ ಕೇಳಿಸಿಕೊಂಡ.

"ಗೊತ್ತು," ಎಂದ.

ಅವಳು ಬೀಜದ ಪರೀಕ್ಷೆಯ ಹಾಳೆಯನ್ನು ಅವನ ಮೇಜಿನ ಮೇಲಿಟ್ಟಳು.

ಬುಖಾರೆಸ್ಟಿನಿಂದ ತಪಾಸಣೆಯವರು ಬರುತ್ತಿದ್ದಾರೆ ಎಂದು ಅವನೇ ಬಿಡಿಸಿ ಹೇಳಿದ. ಅಂಗಳದಲ್ಲಿ ಇಂಥ ನಾರುವ ರಾಶಿ ಇದ್ದರೆ ಕಾರ್ಖಾನೆ ಮುಚ್ಚುತ್ತದೆ. ಊರಿನವರ ಹೊಲಕ್ಕೆ ಹಾಕಿದರೆ ಕೋರ್ಟಿಗೆ ಹೋಗುತ್ತಾರೆ. ಕೇರಿಯವರಿಗಾದರೆ ಮಣ್ಣು ಬೇಕಾಗಿದೆ. ದಿನಾ ಸಲಿಕೆ ಹಿಡಿದು ಕೆದಕುತ್ತಾರೆ. ಗಾಳಿಯಾಡುತ್ತದೆ. ಅಲ್ಲೇ ಕಳಿಯುತ್ತದೆ.

"ನಮಗೆ ಮಗುಚೋ ಖರ್ಚೂ ಇಲ್ಲ," ಎಂದ. "ಮುಖ ಯಾಕಮ್ಮ ಹಾಗೆ ಮಾಡ್ತೀಯ? ನಿಮ್ಮ ಜನ ಹೇಗೂ ಅದರಲ್ಲೇ ಇರೋರು."

ನಾಳೆ ಅವಳೂ ಬರಬೇಕಂತೆ. ಅವನು ರೊಮೇನಿಯನ್ನಿನಲ್ಲಿ ಹೇಳಿದ್ದನ್ನು ಅವಳು ಅವರ ಭಾಷೆಯಲ್ಲಿ ಹೇಳಬೇಕಂತೆ. ಕೇರಿಯವರಿಗೆಲ್ಲ ರೊಮೇನಿಯನ್ ಬರುತ್ತದೆ ಎಂದಳು. ಅದು ಅವರಿಗಲ್ಲ, ವಿಡಿಯೋಗೆ ಎಂದ.

*

ಮರುದಿನ ಹೆಂಗಸರು ಅಂಗಳ ಗುಡಿಸಿ ನೀರು ಚಿಮುಕಿಸಿದ್ದರು. ರಫೀರಾ ನಸುಕಿನಲ್ಲೇ ಎದ್ದು ದೊಡ್ಡ ರೊಟ್ಟಿ ಬೇಯಿಸಿದ್ದಳು. ಗೋದಿಯ, ದಪ್ಪನೆಯ, ಮೇಲೆ ಹೆಣೆದ ಜಡೆಯ ರೊಟ್ಟಿ. ಅದನ್ನು ಕಸೂತಿ ಬಟ್ಟೆಯ ಮೇಲಿಟ್ಟು, ನಡುವೆ ಉಪ್ಪಿನ ಬಟ್ಟಲಿಟ್ಟು, ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಹಿರಿಯ ಅದನ್ನು ಮುರಿದು, ಉಪ್ಪಿಗೆ ಅದ್ದಿ, ತಾನು ಮೊದಲು ತಿನ್ನಬೇಕು. ಆಮೇಲೆ ಬಂದವರಿಗೆ. ಆಮೇಲೆ ಕೇರಿಗೆಲ್ಲ, ಎದೆಹಾಲು ಬಿಟ್ಟ ಮಕ್ಕಳವರೆಗೆ, ಅವನ ಕೈಯಿಂದಲೇ.

ಎರಡನೇ ಟಿಪ್ಪರ್ ತುಂಬಿಕೊಂಡು ಬಂದು ರಸ್ತೆಯಲ್ಲಿ ನಿಂತಿತ್ತು. ಅದಕ್ಕೆ ರಿಬ್ಬನ್ ಕಟ್ಟಿದ್ದರು. ಹಸಿ ರಾಶಿಯ ಮೇಲೆ ರಾತ್ರಿ ಯಾರೋ ಮರದ ಪುಡಿ ಚೆಲ್ಲಿ ಹೋಗಿದ್ದರು. ಮೇಲೆ ಸಿಪ್ಪೆ ಕಟ್ಟಿ, ವಾಸನೆ ಸ್ವಲ್ಪ ಅಡಗಿತ್ತು. ಉಪಮೇಯರಮ್ಮ ಆದರೂ ಮೂಗಿನ ಹತ್ತಿರ ಸೆಂಟು ಹಾಕಿದ ಕರವಸ್ತ್ರ ಹಿಡಿದೇ ಮಾತಾಡಿದಳು. ಕ್ಯಾಮೆರಾದ ಹುಡುಗಿ ಗಾಳಿಗೆ ಬೆನ್ನು ಮಾಡಿ ನಿಂತಿದ್ದಳು. ಸ್ಪೀಕರಿನಲ್ಲಿ ಅಕಾರ್ಡಿಯನ್ ಹಾಡು ಹಾಕಿದ್ದರು.

ದುಮಿತ್ರಾಶ್ಕು ಬಿಳಿ ಬಕೆಟ್ ತಂದಿದ್ದ.

ಆ ಬಕೆಟ್ ಸವೇತಾಗೆ ಗೊತ್ತಿತ್ತು. ಕಾರ್ಖಾನೆ ನೋಡಲು ಯಾರೇ ಬರಲಿ, ಅವನು ಅದನ್ನು ತರುತ್ತಿದ್ದ. ಅದರಲ್ಲಿ ಯಾವಾಗಲೂ ಎರಡನೇ ರಾಶಿಯ ಮಣ್ಣು. ಅದರೊಳಗೆ ಮೊಣಕೈವರೆಗೆ ಕೈ ಹಾಕಿ, ಮೂಸಿ, ಕೆನ್ನೆಗೆ ಸವರಿಕೊಂಡು ತೋರಿಸುತ್ತಿದ್ದ. ಬಂದವರು ಚಪ್ಪಾಳೆ ತಟ್ಟುತ್ತಿದ್ದರು. ಇವತ್ತೂ ಹಾಗೇ ಮಾಡಿದ. ಮಕ್ಕಳು ನಕ್ಕವು. ಆಮೇಲೆ ವಸಾಲಿ ಕಾಕಾನ ಬಲಗೈ ಹಿಡಿದು, ಅಂಗೈ ಬಿಡಿಸಿ, ಒಂದು ಹಿಡಿ ಸುರಿದ. ಕಾಕಾ ಮೂಸಿದ. ಅವನ ಮುಖ ಅರಳಿತು. ಬೆರಳ ಸಂದಿಯಲ್ಲಿ ಪುಡಿ ಮಾಡಿ, ಮತ್ತೆ ಮೂಸಿ, ಕಪ್ಪು ಚಿನ್ನ ಎಂದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕೋಲನ್ನು ಕಂಕುಳಿಗೆ ಸಿಕ್ಕಿಸಿ ರೊಟ್ಟಿಗೆ ಕೈ ಚಾಚಿದ.

"ಹೇಳಮ್ಮ," ಎಂದ ದುಮಿತ್ರಾಶ್ಕು. "ಇದು ಶುದ್ಧ ಮಣ್ಣು ಅಂತ ಹೇಳು. ಮಕ್ಕಳಿಗೂ ಏನೂ ಆಗಲ್ಲ ಅಂತ ಹೇಳು."

ಸವೇತಾ ಕಾಕಾನ ಪಕ್ಕದಲ್ಲೇ ನಿಂತಿದ್ದಳು. ಅವನ ಉಗುರಿನ ಸಂದಿಯಲ್ಲಿ ಕಪ್ಪು ಕಾಣುತ್ತಿತ್ತು. ಆ ಬೆರಳುಗಳು ಅವ್ವನ ರೊಟ್ಟಿಯನ್ನು ಹಿಡಿದಿದ್ದವು. ಹೇಳಿದರೆ ತಾನು ಟಿಂಕಾ ಆಗುತ್ತೇನೆ. ಹೇಳದಿದ್ದರೆ ನಾಳೆಯಿಂದ ಈ ಹೆಂಗಸರೆಲ್ಲ ಆ ಹಸಿ ರಾಶಿಗೆ ಸಲಿಕೆ ಹಾಕುತ್ತಾರೆ. ಮಕ್ಕಳು ಅದರ ಮೇಲೆ ಜಾರಾಡುತ್ತಾರೆ. ಮಳೆ ಬಂದರೆ ಅದು ಬಾವಿಗೆ ಇಳಿಯುತ್ತದೆ.

ಅವಳು ತಮ್ಮ ಭಾಷೆ ರೋಮಾನಿಯಲ್ಲಿ ಹೇಳಿದಳು. ಅಕಾರ್ಡಿಯನ್ನಿನ ಗದ್ದಲದಲ್ಲಿ ಕಾಕಾನ ಕಿವಿಗೆ ಮಾತ್ರ ಬೀಳುವ ಹಾಗೆ, ಗಾಜೋಗಳಿಗೆ ಅನುವಾದದಂತೆಯೇ ಕಾಣುವ ಹಾಗೆ, ಒಂದೇ ದನಿಯಲ್ಲಿ.

"ಮುರೀಬೇಡ ಕಾಕಾ. ಇದು ಊರಿನವರ ಹೇಲು. ಬಕೆಟ್‌ನಲ್ಲಿರೋದು ಮಣ್ಣಾಗಿದೆ, ರಾಶಿ ಇನ್ನೂ ಹಸಿ. ಎರಡೂ ಬಂದಿದ್ದು ಅಲ್ಲಿಂದಲೇ. ನಾನು ಸೇರಿದಾಗಿಂದ ಇದರಲ್ಲೇ ಕೆಲಸ ಮಾಡ್ತಿರೋದು. ಟಿಂಕಾ ನಿಂತಲ್ಲೇ."

ಕಾಕಾನ ಕೈ ನಿಂತಿತು. ಅವನಿಗೆ ಅರ್ಥವಾಯಿತು, ಅವನ ಕತ್ತಿನ ನರ ಉಬ್ಬಿದ್ದು ಅವಳಿಗೆ ಕಂಡಿತು. ಅವನೇ ಮಾಡಿದ ಕಟ್ಟಳೆಯ ಪ್ರಕಾರ ಅವನು ಈಗ ರೊಟ್ಟಿಯನ್ನು ನೆಲಕ್ಕೆ ಹಾಕಬೇಕು. ಕೋಲನ್ನು ಕೆಳಗಿಡಬೇಕು. ಯಾರನ್ನೂ ಮುಟ್ಟದೆ ದೂರ ಹೋಗಿ ನಿಲ್ಲಬೇಕು.

ಅವನು ಕ್ಯಾಮೆರಾ ನೋಡಿದ. ಉಪಮೇಯರಮ್ಮನನ್ನು ನೋಡಿದ. ತನ್ನ ಜನರನ್ನು ನೋಡಿದ.

ರೊಟ್ಟಿ ಮುರಿದ. ಉಪ್ಪಿಗೆ ಅದ್ದಿದ. ತಿಂದ.

"ನೀನು ಹೇಳಿಲ್ಲ. ನಾನು ಕೇಳಿಲ್ಲ," ಎಂದ, ಅಗಿಯುತ್ತಾ, ತುಟಿ ಅಲುಗಿಸದೆ. ಆಮೇಲೆ ಇಂಜಿನಿಯರನಿಗೆ ಕೊಟ್ಟ. ಉಪಮೇಯರಮ್ಮನಿಗೆ ಕೊಟ್ಟ. ಒಂದೊಂದೇ ತುಂಡು ಮುರಿದು ಕೇರಿಯವರಿಗೆ ಕೊಡುತ್ತಾ ಹೋದ. ಅದೇ ಕೈ. ಮುದುಕಿಯರು ಕಣ್ಣಿಗೊತ್ತಿಕೊಂಡು ತಿಂದರು. ಮಕ್ಕಳು ಬಾಯಿ ತೆರೆದವು. ಅವನು ಬಾಯಿಗೇ ಇಟ್ಟ. ರಫೀರಾ ತಿಂದಳು.

ಏಳನೇ ರಾಶಿಯೊಳಗೆ ಹೆಗಲವರೆಗೆ ಕೈ ಹಾಕಿದ ದಿನವೂ ಸವೇತಾಗೆ ಇಷ್ಟು ಹೇಸಿಗೆಯಾಗಿರಲಿಲ್ಲ.

ಅವನು ಅವಳಿಗೂ ಒಂದು ತುಂಡು ಚಾಚಿದ. ಅವಳು ಕೈ ಹಿಂದೆ ಕಟ್ಟಿಕೊಂಡಳು.

"ತಗೋ," ಎಂದ.

"ಒಲ್ಲೆ."

ಅವಳು ತಿರುಗಿ ರಾಶಿಯ ಕಡೆ ನಡೆದಳು. ಓಡಲಿಲ್ಲ. ಕೋಟು ಬಿಚ್ಚಿ ಕಿಟ್ಟದ ಮೇಲೆ ಹಾಕಿದಳು. ತೋಳು ಮಡಿಚಿದಳು. ಮರದ ಪುಡಿಯ ಸಿಪ್ಪೆಯನ್ನು ಕಾಲಿನಿಂದ ಒಡೆದು, ಬರಿಗೈಯನ್ನು ಹೆಗಲವರೆಗೆ ಒಳಗೆ ತೂರಿಸಿದಳು. ಒಳಗೆ ಬೆಚ್ಚಗಿತ್ತು, ಲೋಳೆಯಿತ್ತು. ಹಿಡಿಗೆ ಸಿಕ್ಕಿದ್ದನ್ನು ಎಳೆದಳು.

ಹಬೆ ಭುಸ್ಸೆಂದು ಎದ್ದಿತು. ಮುಂದಿದ್ದವರು ಕಣ್ಣು ಮುಚ್ಚಿಕೊಂಡರು. ಒಂದು ಮಗು ಅಲ್ಲೇ ವಾಂತಿ ಮಾಡಿತು. ಸವೇತಾಳ ತೋಳಿನಿಂದ ಬೂದು ರೊಚ್ಚು ತೊಟ್ಟಿಕ್ಕುತ್ತಿತ್ತು. ಅದರಲ್ಲಿ ಕೂದಲಿತ್ತು. ಹೊಸೆದ ಟಿಶ್ಯೂ ನೇತಾಡುತ್ತಿತ್ತು. ಮೊಣಕೈಗೆ ಒಂದು ಕಾಂಡೋಮ್ ಅಂಟಿಕೊಂಡಿತ್ತು. ಯಾರಿಗೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳು ಆ ತೋಳನ್ನು ಚಾಚಿಕೊಂಡೇ ದುಮಿತ್ರಾಶ್ಕುವಿನ ಮುಂದೆ ಬಂದು ನಿಂತಳು. ಈ ಸಲ ರೊಮೇನಿಯನ್ನಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಬಕೆಟ್ ಬಿಡಿ ಸಾಹೇಬ್ರೆ. ಇದನ್ನ ಮೂಸಿ. ನಮ್ಮ ಮಕ್ಕಳಿಗೆ ಕೊಟ್ಟಿದ್ದು ಇದನ್ನ. ಕೆನ್ನೆಗೆ ಹಚ್ಕೊಳ್ಳಿ."

ಅವನು ಹಿಂದೆ ಸರಿದ. ಅವಳು ಮುಂದೆ ಬಂದಳು. ಅವನು ಬಕೆಟ್ ಎಡವಿ, ಕೂತು, ಎದ್ದ. ಹುಚ್ಚು ಹಿಡಿದಿದೆ ಇವಳಿಗೆ, ಕ್ಯಾಮೆರಾ ನಿಲ್ಲಿಸಿ ಎಂದ. ಕ್ಯಾಮೆರಾದ ಹುಡುಗಿ ನಿಲ್ಲಿಸಲಿಲ್ಲ. ಹಾಡು ಮಾತ್ರ ಯಾರೋ ನಿಲ್ಲಿಸಿದರು.

"ನಾಳೆಯಿಂದ ಕೆಲಸಕ್ಕೆ ಬರಬೇಡ," ಎಂದ ದುಮಿತ್ರಾಶ್ಕು.

"ಇವತ್ತು ಬಂದಿದ್ದೂ ಕೆಲಸಕ್ಕಲ್ಲ," ಎಂದಳು.

ರಸ್ತೆಯಲ್ಲಿದ್ದ ಟಿಪ್ಪರಿನ ಮುಂದೆ ಮೊದಲು ಹೋಗಿ ನಿಂತವಳು ರಫೀರಾ. ಬರಿದಾದ ಕಸೂತಿ ಬಟ್ಟೆ ಇನ್ನೂ ಕೈಯಲ್ಲೇ ಇತ್ತು. ಆಮೇಲೆ ಉಳಿದ ಹೆಂಗಸರು ಹೋದರು. ಲಂಗಗಳನ್ನು ಎರಡೂ ಕೈಯಲ್ಲಿ ಹಿಡಿದು ಸಾಲಾಗಿ ನಿಂತರು. ಚಾಲಕ ಹಾರ್ನ್ ಹೊಡೆದ. ಅವರು ಬೈದರು. ಆ ಹೆಂಗಸರಿಗೆ ಬರುವಷ್ಟು ಬೈಗುಳ ಯಾರಿಗೂ ಬರುವುದಿಲ್ಲ. ಚಾಲಕನ ಅಜ್ಜಿಯವರೆಗೂ ಹೋದರು. ಟಿಪ್ಪರ್ ಹಿಂದಕ್ಕೆ ಹೋಯಿತು. ಕತ್ತಲಾಗುವ ಮುಂಚೆ ಲೋಡರ್ ಬಂದು ರಾಶಿಯನ್ನು ಕೆರೆದು ತುಂಬಿಕೊಂಡು ಹೋಯಿತು. ವಿಡಿಯೋ ಆಗಲೇ ಊರೆಲ್ಲ ಓಡಾಡುತ್ತಿತ್ತಂತೆ.

ಅಷ್ಟು ಹೊತ್ತೂ ಸವೇತಾ ನಿಂತ ಜಾಗದ ಸುತ್ತ ದೊಡ್ಡದೊಂದು ಖಾಲಿ ಜಾಗ ಇತ್ತು. ಯಾರೂ ಆ ಖಾಲಿಯನ್ನು ದಾಟಲಿಲ್ಲ. ತೋಳು ತೊಳೆಯಲು ಬಾವಿಯ ಹತ್ತಿರ ಹೋಗುವಂತಿರಲಿಲ್ಲ. ರೊಚ್ಚು ಅವಳ ಚರ್ಮದ ಮೇಲೆಯೇ ಒಣಗಿ ಬಿಗಿಯಿತು. ಅವ್ವ ಟಿಪ್ಪರಿನ ಮುಂದಿನಿಂದ ವಾಪಸು ಬಂದಳು. ಮಗಳ ಕಡೆ ನೋಡಲಿಲ್ಲ. ಮನೆಯೊಳಗೆ ಹೋಗಿ, ಮಗಳು ಉಣ್ಣುವ ತಟ್ಟೆ, ಲೋಟ, ಹಾಸಿಗೆ ತಂದು ಹೊರಗೆ ಹಾಕಿದಳು. ಹಾಕುವಾಗ ಅಳುತ್ತಿದ್ದಳು. ಹಾಕುವುದನ್ನು ನಿಲ್ಲಿಸಲಿಲ್ಲ.

ಟಿಂಕಾ ಬಂದಳು. ಒಂದು ಬಕೆಟ್ ನೀರು, ಸೋಪು ತಂದಳು. ಖಾಲಿ ಜಾಗವನ್ನು ದಾಟಿ, ಸವೇತಾಳ ತೋಳು ಹಿಡಿದು ತೊಳೆದಳು. ಉಗುರಿನ ಸಂದಿಯನ್ನೂ ಬಿಡಲಿಲ್ಲ.

"ಸಣ್ಣವಳಿದ್ದಾಗಲೂ ನಿನಗೆ ಕೈ ತೊಳ್ಯೋಕೆ ಬರ್ತಿರಲಿಲ್ಲ," ಎಂದಳು.

*

ಮರುದಿನ ನ್ಯಾಯ ಸೇರಿತು. ಗಂಡಸರು ಬೆಂಚುಗಳ ಮೇಲೆ ಕೂತರು. ಹೆಂಗಸರು ಹಿಂದೆ ನಿಂತರು. ವಸಾಲಿ ಕಾಕಾ ನಡುವೆ, ಕೋಲು ಮೊಣಕಾಲಿನ ಮಧ್ಯೆ.

ಅವನು ಮೊದಲು ಎಲ್ಲರ ಭಯ ಕಳೆದ. ನಾವೆಲ್ಲ ಮುಟ್ಟಿದ್ದೇವೆ, ಆದರೆ ತಿಳಿಯದೆ ಮುಟ್ಟಿದ್ದೇವೆ ಎಂದ. ತಿಳಿಯದೆ ಮುಟ್ಟಿದವರಿಗೆ ಹರಿಯುವ ನೀರಿನ ಸ್ನಾನ ಸಾಕು. ಬಟ್ಟೆ ಸುಟ್ಟರೆ ಮುಗಿಯಿತು. ನಾನೂ ತಿಳಿಯದೆ ಹಿಡಿದೆ, ತಿಳಿಯದೆ ಹಂಚಿದೆ, ನಾನೂ ನಿಮ್ಮ ಜೊತೆ ಓಲ್ಟ್‌ಗೆ ಇಳಿಯುತ್ತೇನೆ ಎಂದ. ಜನ ಉಸಿರು ಬಿಟ್ಟರು. ಪಾಪ, ಕಾಕಾ ಎಂದರು.

ಸವೇತಾಳನ್ನು ಬೆಂಚುಗಳಾಚೆ, ದೂರದಲ್ಲಿ ನಿಲ್ಲಿಸಿದ್ದರು.

"ನಿನಗೆ ಗೊತ್ತಿತ್ತಾ?" ಎಂದು ಕೇಳಿದ.

"ಗೊತ್ತಿತ್ತು."

"ಗೊತ್ತಿದ್ದೂ ಆ ಕೈಯಲ್ಲಿ ನಿಮ್ಮವ್ವನ ಒಲೆ ಮುಟ್ಟಿದೆ."

"ಮುಟ್ಟಿದೆ. ತೊಳ್ಕೊಂಡು ಮುಟ್ಟಿದೆ."

ಬೆಂಚುಗಳಲ್ಲಿ ಗುಜುಗುಜು ಎದ್ದಿತು. ಕಾಕಾ ಕೋಲೆತ್ತಿ ಸುಮ್ಮನಾಗಿಸಿದ. ಆಮೇಲೆ ಕೇಳಿದ. ಕೇಳಬೇಕೆಂದು ಯಾವ ಕಟ್ಟಳೆಯೂ ಇರಲಿಲ್ಲ. ಎಲ್ಲರ ಎದುರಿಗೆ ಅವಳಿಂದ ಇಲ್ಲ ಎನ್ನಿಸಿ, ಅವಳ ಬಾಯನ್ನು ಈಗಲೇ ಮುಚ್ಚಿಸಿಬಿಡಬೇಕೆಂದು ಕೇಳಿದ.

"ರೊಟ್ಟಿ ಮುರಿಯೋಕೆ ಮುಂಚೆ ಯಾರಿಗಾದ್ರೂ ಹೇಳಿದ್ದೆಯಾ?"

ಕೋಲು ಹಿಡಿದ ಬಲಗೈಯನ್ನು ಅವನು ಎಡಗೈಯಿಂದ ಮುಚ್ಚಿಕೊಂಡ. ಅವಳಿಗೆ ಮಾತ್ರ ಅದು ಕಾಣಿಸಿತು, ಏಕೆಂದರೆ ಅವಳಿಗೆ ಮಾತ್ರ ಎಲ್ಲಿ ನೋಡಬೇಕೆಂದು ಗೊತ್ತಿತ್ತು.

ಒಂದು ಮಾತು ಸಾಕಿತ್ತು. ನಿನಗೇ ಹೇಳಿದ್ದೆ ಕಾಕಾ. ಹಾಡಿನ ಗದ್ದಲದಲ್ಲಿ ಮಾತು ಕೇಳಿಸದಿದ್ದರೂ ವಿಡಿಯೋದಲ್ಲಿ ಅವಳ ತುಟಿ ಅಲುಗಿದ್ದು ಇತ್ತು. ಅವನ ಕೈ ನಿಂತದ್ದೂ ಇತ್ತು. ಜನ ನಂಬುತ್ತಿದ್ದರು. ಅವನ ಕೋಲು ಕಿತ್ತುಕೊಳ್ಳುತ್ತಿದ್ದರು. ಅವನ ಗುಡಿಸಲನ್ನೂ ಕೇರಿಯ ತುದಿಗೆ, ಟಿಂಕಾಳ ಪಕ್ಕಕ್ಕೆ ತಳ್ಳುತ್ತಿದ್ದರು. ಅವನ ಮುದುಕಿ ಹೆಂಡತಿಯ ರೊಟ್ಟಿ ತಿಂದ ನಾಯಿಯನ್ನೂ ಅಟ್ಟುತ್ತಿದ್ದರು. ಕೋಲು ಇನ್ನೊಬ್ಬನ ಕೈಗೆ ಹೋಗುತ್ತಿತ್ತು. ಅವನೂ ಇದೇ ಬೆಂಚಿನ ಮೇಲೆ ಕೂತು, ಇದೇ ಕಟ್ಟಳೆ ಹಿಡಿದು, ಮುಂದೆ ಜರಡಿಗೆ ನಿಲ್ಲುವ ಹೆಂಗಸನ್ನು ಹೊರಗೆ ಹಾಕುತ್ತಿದ್ದ. ಇವಳು ಆ ಕಟ್ಟಳೆಯಿಂದಲೇ ಕಾಕಾನನ್ನು ಹೊಡೆದರೆ ಆ ಕಟ್ಟಳೆ ಸರಿ ಎಂದು ಇವಳೇ ಒಪ್ಪಿಕೊಂಡ ಹಾಗೆ. ಟಿಂಕಾಳನ್ನು ಹಾಕಿದ್ದೂ ಸರಿ ಎಂದ ಹಾಗೆ.

"ಅದನ್ನ ನೀನು ನನ್ನ ಕೇಳಬೇಡ," ಎಂದಳು. "ನಾನು ಮೈಲಿಗೆಯಲ್ಲ. ಟಿಂಕಾನೂ ಅಲ್ಲ. ಊರಿನವರು ಹೇತಿದ್ದಕ್ಕೆ ನಾವು ಯಾಕೆ ಮೈಲಿಗೆ ಆಗಬೇಕು? ನಿಮ್ಮ ನ್ಯಾಯ ನೀವೇ ಇಟ್ಕೊಳ್ಳಿ."

ತೀರ್ಪು ಹೇಳುವುದಕ್ಕೆ ಮುಂಚೆಯೇ ಅವಳು ಬೆನ್ನು ತಿರುಗಿಸಿ ನಡೆದಳು. ಹಿಂದಿನಿಂದ ಯಾರೋ ಉಗಿದರು. ಇನ್ಯಾರೋ ಅವಳ ಹೆಸರು ಕರೆದರು. ಅವ್ವನ ದನಿಯೋ ಏನೋ. ತಿರುಗಿ ನೋಡಲಿಲ್ಲ.

ಟಿಂಕಾ ಗುಡಿಸಲಿನಲ್ಲಿ ಮೆಕ್ಕೆಜೋಳದ ಮುದ್ದೆ ತೊಳಸುತ್ತಿದ್ದಳು. ಇದ್ದದ್ದು ಒಂದೇ ತಟ್ಟೆ. ಅದರಲ್ಲೇ ಇಬ್ಬರಿಗೂ ಹಾಕಿ, ಉಪ್ಪಿನ ಎಲೆಕೋಸು ಬಡಿಸಿದಳು. ಇಬ್ಬರೂ ಒಂದೊಂದು ಕಡೆಯಿಂದ ತಿಂದರು. ಅರ್ಧ ಮುಗಿದ ಮೇಲೆ ಟಿಂಕಾ ತಲೆ ಎತ್ತದೆ ಕೇಳಿದಳು.

"ನಿನ್ನೆ ನಾನು ಬಾಗಿಲಲ್ಲೇ ನಿಂತಿದ್ದೆ. ಅವನು ರೊಟ್ಟಿ ಮುರಿಯೋಕೆ ಮುಂಚೆ ಅವನ ಕಿವೀಲಿ ಏನೋ ಹೇಳಿದೆಯಲ್ಲ. ಏನದು?"

ಟಿಂಕಾಗೆ ಕೇಳುವ ಹಕ್ಕಿತ್ತು, ಬೇರೆ ಯಾರಿಗಿಂತಲೂ ಹೆಚ್ಚು. ಹೇಳಿದರೆ ಅವಳ ಕಣ್ಣಲ್ಲಿ ಏನು ಹೊತ್ತಿಕೊಳ್ಳುತ್ತದೆ ಎಂದೂ ಸವೇತಾಗೆ ಗೊತ್ತಿತ್ತು. ಸುಳ್ಳು ಹೇಳಲು ಬಾರದವಳು ಅದನ್ನು ಒಂದು ದಿನವೂ ಒಳಗಿಟ್ಟುಕೊಳ್ಳಲಾರಳು. ಸಂಜೆಯೊಳಗೆ ಕೇರಿಯ ನಡುವೆ ನಿಂತು ಕೂಗಿಯಾಳು. ಕೂಗಿದರೆ ತಪ್ಪೂ ಅಲ್ಲ. ಆದರೆ ಆಮೇಲೆ ಕೇರಿಯಲ್ಲಿ ಅದೊಂದೇ ಮಾತು ಉಳಿಯುತ್ತದೆ: ಯಾರು ಯಾರಿಗಿಂತ ಹೆಚ್ಚು ಮೈಲಿಗೆ. ಇಂಜಿನಿಯರನನ್ನೂ ಅವನ ಟಿಪ್ಪರನ್ನೂ ಮರೆತು ಜನ ಅದನ್ನೇ ಅಗಿಯುತ್ತಾ ಕೂರುತ್ತಾರೆ.

ಸವೇತಾ ಮುದ್ದೆಯ ತುಂಡನ್ನು ಕೋಸಿಗೆ ಅದ್ದಿ ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದಳು. ನುಂಗುವ ಹೊತ್ತಿಗೆ ತೀರ್ಮಾನವಾಗಿತ್ತು. ಇವಳಿಗೂ ಇಲ್ಲ. ಅವ್ವನಿಗೂ ಇಲ್ಲ. ಯಾರಿಗೂ ಇಲ್ಲ.

"ಇಂಜಿನಿಯರು ಹೇಳು ಅಂದಿದ್ದನ್ನ ಹೇಳಿದೆ," ಎಂದಳು. "ಬೇರೇನಿಲ್ಲ."

ಟಿಂಕಾ ನಂಬಲಿಲ್ಲ. ತಟ್ಟೆಯನ್ನು ಅವಳ ಕಡೆ ಸ್ವಲ್ಪ ತಳ್ಳಿದಳು.